ದೊಡ್ಡದಾಗಲು ಒಪ್ಪದ ಬಿಡಾರ

ಅಮೆರಿಕದ ಅಲಾಸ್ಕಾ ರಾಜ್ಯದ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ಇರುವುದು ಒಂದೇ ಒಂದು ರಸ್ತೆ. ಉದ್ದ 92 ಮೈಲಿ, ಬಹುಪಾಲು ಮಣ್ಣು-ಜಲ್ಲಿಯದು. ಅದು ಮುಗಿಯುವುದಕ್ಕೆ ಸ್ವಲ್ಪ ಮೊದಲು, ಒಂದು ದಿಬ್ಬದ ನೆತ್ತಿಯಲ್ಲಿ ಕ್ಯಾಂಪ್ ಡೆನಾಲಿ ಎಂಬ ಬಿಡಾರವಿದೆ. 1952ರಿಂದ ಅಲ್ಲಿ ಅತಿಥಿಗಳು ತಂಗುತ್ತಿದ್ದಾರೆ. ವಿದ್ಯುತ್ ಕಂಬಗಳು ಇವತ್ತಿಗೂ ಆ ದಿಕ್ಕಿಗೆ ಸುಳಿದಿಲ್ಲ. ಮರದ ಪುಟ್ಟ ಮನೆಗಳು ಇಪ್ಪತ್ತರೊಳಗೇ ಇವೆ. ಎಪ್ಪತ್ತು ವರ್ಷದಲ್ಲಿ ಅದರ ಯಜಮಾನಿಕೆ ಬದಲಾಗಿದ್ದು ಎರಡು ಸಲ ಮಾತ್ರ. ಎರಡನೆಯದು ತಂದೆತಾಯಿಯಿಂದ ಮಗಳಿಗೆ.

ಆ ಮನೆಗಳಲ್ಲಿ ಒಂದರ ಒಳಗೆ ಏನಿದೆ ಎಂದು ನೋಡಿದರೆ ಆ ಜಾಗದ ಸ್ವಭಾವ ತಿಳಿಯುತ್ತದೆ. ಮಂಚ, ದಪ್ಪ ರಜಾಯಿ, ಸೌದೆ ಒಲೆ. ಬೆಳಕಿಗೆ ಗ್ಯಾಸಿನ ದೀಪ. ಕುಡಿಯುವ ನೀರು ಒರತೆಯದು, ನಲ್ಲಿ ಇರುವುದು ಬಾಗಿಲಾಚೆ. ಪಾಯಿಖಾನೆಯೂ ಹೊರಗೆ, ಪ್ರತಿ ಮನೆಗೆ ಒಂದರಂತೆ. ಸ್ನಾನಕ್ಕೆ ಎಲ್ಲರಿಗೂ ಸೇರಿ ಒಂದು ಬಚ್ಚಲುಮನೆ, ಊಟಕ್ಕೆ ಒಂದೇ ಹಜಾರ. ಕಿಟಕಿ ಮಾತ್ರ ದೊಡ್ಡದು, ಅದು ತೆರೆದಿರುವುದು ಪರ್ವತದ ಕಡೆಗೆ. 20,310 ಅಡಿ ಎತ್ತರದ ಆ ಪರ್ವತಕ್ಕೆ ಅಲ್ಲಿನ ಮೂಲನಿವಾಸಿಗಳಾದ ಅಥಬಾಸ್ಕನ್ ಜನ ಇಟ್ಟ ಹೆಸರು ಡೆನಾಲಿ. ಹತ್ತಿರದ ವಂಡರ್ ಸರೋವರದ ಬಯಲು ಸಮುದ್ರಮಟ್ಟದಿಂದ ಸುಮಾರು 2,000 ಅಡಿಯಷ್ಟೇ ಮೇಲಿದೆ. ಅಂದರೆ ಅಲ್ಲಿ ನಿಂತವರ ಕಣ್ಣೆದುರು ನೆಲದಿಂದ 18,000 ಅಡಿಯ ಹಿಮದ ಗೋಡೆ ನೇರವಾಗಿ ಏಳುತ್ತದೆ.

ಇಷ್ಟು ಓದಿದವರಿಗೆ ಇದೊಂದು ಐಷಾರಾಮಿ ‘ಇಕೋ ರೆಸಾರ್ಟ್’ ಕಥೆ ಎನ್ನಿಸಬಹುದು. ಬಾಡಿಗೆ ದುಬಾರಿ ಎಂಬುದೂ ನಿಜ. ಆದರೆ ಈ ಬಿಡಾರವನ್ನು ಕಟ್ಟಿದವರು ಹೋಟೆಲ್ ಉದ್ಯಮದವರಲ್ಲ. ಇಬ್ಬರು ಹೆಂಗಸರು, ಇಬ್ಬರೂ ಪೈಲಟ್‌ಗಳು. ಅವರ ಜೊತೆಗೆ ಅವರಲ್ಲೊಬ್ಬರ ಗಂಡ.

ಸೀಲಿಯಾ ಹಂಟರ್ ಮತ್ತು ಜಿನ್ನಿ ಹಿಲ್ ಇಬ್ಬರೂ ಅಮೆರಿಕದ ವಾಯವ್ಯ ಮೂಲೆಯ ರಾಜ್ಯಗಳಲ್ಲಿ ಬೆಳೆದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರೆಲ್ಲ ರಣರಂಗಕ್ಕೆ ಹೋದಾಗ, ಕಾರ್ಖಾನೆಯಿಂದ ಹೊರಬಂದ ಯುದ್ಧವಿಮಾನಗಳನ್ನು ನೆಲೆಗಳಿಗೆ ತಲುಪಿಸಲು ಅಮೆರಿಕದ ಸೇನೆ ಮಹಿಳಾ ಪೈಲಟ್‌ಗಳ ಒಂದು ಪಡೆ ಕಟ್ಟಿತು. ‘ವಾಸ್ಪ್’ ಎಂದು ಅದರ ಹೆಸರು. ಇವರಿಬ್ಬರೂ ಅದರಲ್ಲಿದ್ದರು. ತರಬೇತಿ ಮುಗಿಸಿದವರು 1,074 ಮಂದಿ, ಕೆಲಸದಲ್ಲಿ ಪ್ರಾಣ ಕೊಟ್ಟವರು 38 ಮಂದಿ. ಹಾಗಿದ್ದೂ ಅವರನ್ನು ಯೋಧರೆಂದು ಸರ್ಕಾರ ಒಪ್ಪಿಕೊಂಡಿದ್ದು 1977ರಲ್ಲಿ.

ಆಗ ಸೋವಿಯತ್ ಒಕ್ಕೂಟಕ್ಕೆ ನೆರವಾಗಿ ಅಮೆರಿಕ ಸುಮಾರು 8,000 ವಿಮಾನಗಳನ್ನು ಅಲಾಸ್ಕಾದ ಮಾರ್ಗವಾಗಿ ಕಳಿಸಿತು. ಮೊಂಟಾನಾದ ಗ್ರೇಟ್ ಫಾಲ್ಸ್‌ವರೆಗೆ ಮಹಿಳೆಯರು ಹಾರಿಸಿಕೊಂಡು ಬರಬಹುದಿತ್ತು. ಅಲ್ಲಿಂದ ಮುಂದೆ ಫೇರ್‌ಬ್ಯಾಂಕ್ಸ್‌ಗೆ ಅದೇ ವಿಮಾನ ಒಯ್ಯುವ ಅವಕಾಶ ಗಂಡಸರಿಗೆ ಮಾತ್ರ. ಹೋಗಿಬಂದವರ ಬಾಯಲ್ಲಿ ಅಲಾಸ್ಕಾದ ವರ್ಣನೆ ಕೇಳಿ ಕೇಳಿ ಇವರಿಬ್ಬರಿಗೂ ಹಟ ಹತ್ತಿತು. ಯುದ್ಧ ಮುಗಿದ ಮೇಲೆ, 1946ರ ಡಿಸೆಂಬರಿನಲ್ಲಿ, ಫೇರ್‌ಬ್ಯಾಂಕ್ಸ್‌ನವರೊಬ್ಬರು ಕೊಂಡಿದ್ದ ಎರಡು ಹಳೇ ವಿಮಾನಗಳನ್ನು ಸಿಯಾಟಲ್‌ನಿಂದ ಅಲ್ಲಿಗೆ ಮುಟ್ಟಿಸುವ ಕೆಲಸ ಹಿಡಿದರು. ಚಳಿಗಾಲದ ನಡುವೆ, ಅಲ್ಲಲ್ಲಿ ಇಳಿದು ಹವೆಗಾಗಿ ಕಾಯುತ್ತ ಸಾಗಿದ ಆ ಪ್ರಯಾಣಕ್ಕೆ ಹತ್ತಿರ ಹತ್ತಿರ ನಾಲ್ಕು ವಾರ ಹಿಡಿಯಿತು. ಫೇರ್‌ಬ್ಯಾಂಕ್ಸ್‌ನಲ್ಲಿ ಇಳಿದದ್ದು 1947ರ ಹೊಸವರ್ಷದ ದಿನ. ಆಮೇಲೆ ಅಲಾಸ್ಕಾವೇ ಅವರ ಮನೆಯಾಯಿತು.

ನಡುವೆ ಯುರೋಪಿನಲ್ಲೆಲ್ಲ ಸೈಕಲ್ ಹೊಡೆದು ಬಂದರು. ಅಲ್ಲಿನ ಬೆಟ್ಟಗಳಲ್ಲಿ ನಡೆಯುವವರಿಗೆಂದು ಇರುವ ಸರಳ ತಂಗುಮನೆಗಳು ಅವರ ಮನಸ್ಸಿಗೆ ಹಿಡಿಸಿದವು: ಮಲಗಲು ಜಾಗ, ಬಿಸಿ ಊಟ, ಜೊತೆಗೆ ಕೂತು ಮಾತಾಡಲು ಜನ. ಜಿನ್ನಿ ಮದುವೆಯಾದ ಮಾರ್ಟನ್ ವುಡ್ ಆ ಉದ್ಯಾನದಲ್ಲಿ ರೇಂಜರ್ ಆಗಿ ಕೆಲಸ ಮಾಡಿದವರು, ಗೆಳೆಯರ ಬಾಯಲ್ಲಿ ‘ವುಡಿ’. ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನ ಎಂದು ಆಗ ಕರೆಯುತ್ತಿದ್ದ, 1917ರಲ್ಲಿ ಹುಟ್ಟಿದ ಆ ಉದ್ಯಾನದ ಗಡಿಗೆ ತಾಗಿದಂತೆ, 1905ರ ಚಿನ್ನದ ಬೇಟೆಯಿಂದ ಹೆಸರಾದ ಕಾಂಟಿಷ್ನಾ ಪ್ರದೇಶದಲ್ಲಿ, 1951ರಲ್ಲಿ ಅವರು ಒಂದು ದಿಬ್ಬವನ್ನು ಗುರುತು ಹಾಕಿಕೊಂಡರು. ಹಳ್ಳಿಗಾಡಿಗೆ ಜನ ಬಂದು ನೆಲೆಸಲೆಂದು ಸರ್ಕಾರಿ ಜಮೀನು ಕೊಡುತ್ತಿದ್ದ ಕಾಲ ಅದು. ಮರುವರ್ಷ ಡೇರೆ ಹೊದಿಸಿದ ಗುಡಿಸಲುಗಳಲ್ಲಿ ಮೊದಲ ಅತಿಥಿಗಳು ಬಂದರು. ಕಟ್ಟಿಗೆ, ಒಲೆ, ಪಾತ್ರೆಗಳನ್ನು ರೈಲಿನಲ್ಲಿ ತಂದು, ಅಲ್ಲಿಂದ ಟ್ರಕ್ಕಿನಲ್ಲಿ ದಿನವಿಡೀ ಸಾಗಿಸಿದರು. ಮರ ಸಿಗುವುದೇ ಕಷ್ಟವಾದ ಆ ಟಂಡ್ರಾ ಬಯಲಲ್ಲಿ ಒಂದೊಂದು ದಿಮ್ಮಿಗೂ ಬೆಲೆಯಿತ್ತು. ಪಾಟ್‌ಲ್ಯಾಚ್ ಎಂದು ಅವರು ಹೆಸರಿಟ್ಟ ದಿಮ್ಮಿಗಳ ಕಟ್ಟಡ ಎಲ್ಲರೂ ಸೇರುವ ಪಡಸಾಲೆಯಾಯಿತು.

ವಿದ್ಯುತ್ ಗ್ರಿಡ್ಡಿಲ್ಲದ ಬದುಕು ಆಗ ಯಾವ ಆದರ್ಶವೂ ಆಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಆದರೆ ಮುಂದೆ ದಾರಿಗಳು ತೆರೆದಾಗಲೂ ಬಿಡಾರ ತನ್ನ ಸರಳತೆಯನ್ನು ಬಿಡಲಿಲ್ಲ. ಅದು ಸಾಧ್ಯವಾಗಲು ಭೂಗೋಳವೂ ನೆರವಾಯಿತು. ಬಿಡಾರ ತೆರೆದಿರುವುದು ಜೂನ್ ಮೊದಲಿನಿಂದ ಸೆಪ್ಟೆಂಬರ್ ನಡುವಿನ ತನಕ, ಸರಿಸುಮಾರು ನೂರು ದಿನ. ಉತ್ತರ ಅಕ್ಷಾಂಶ 63 ಡಿಗ್ರಿ ದಾಟಿದ ಆ ಊರಲ್ಲಿ ಜೂನ್ ಕೊನೆಗೆ ಸೂರ್ಯ ಇಪ್ಪತ್ತು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲಿರುತ್ತಾನೆ. ರಾತ್ರಿ ಹನ್ನೊಂದಕ್ಕೂ ದೀಪವಿಲ್ಲದೆ ಪುಸ್ತಕ ಓದಬಹುದು. ಹಾಗಾಗಿ ಬೆಳಕಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ಅಡುಗೆಮನೆ, ನೀರಿನ ಪಂಪು, ರೇಡಿಯೋ ಇವುಗಳ ಅಗತ್ಯಕ್ಕೆ ಸೌರಫಲಕಗಳಿಗೆ ದಿನದ ಬಹುಭಾಗ ಬಿಸಿಲು ಸಿಗುತ್ತದೆ. ಕೊರೆವ ಚಳಿಗಾಲದಲ್ಲಿ, ಬಿಸಿಲು ಕೆಲವೇ ಗಂಟೆಗೆ ಇಳಿದಾಗ, ಅತಿಥಿಗಳೇ ಇಲ್ಲ. ನಮ್ಮ ಮಲೆನಾಡಿನ ಒಂಟಿಮನೆಗಳಲ್ಲಿ ಲೆಕ್ಕ ತಿರುವುಮುರುವು. ಮಳೆಗಾಲದಲ್ಲಿ ಸೂರ್ಯ ಮುಖ ತೋರಿಸುವುದಿಲ್ಲ, ಆದರೆ ಮನೆ ಹಿಂದಿನ ಹಳ್ಳ ತುಂಬಿ ಹರಿದು ಕಿರು ಟರ್ಬೈನು ತಿರುಗಿಸುತ್ತದೆ. ಗ್ರಿಡ್ಡಿನಾಚೆ ಬದುಕುವವರಿಗೆ ಮೊದಲು ಬೇಕಾದದ್ದು ತಮ್ಮ ನೆಲದ ಋತುಮಾನದ ಅರಿವು, ಯಂತ್ರ ಕೊಳ್ಳುವುದು ಆಮೇಲಿನ ಮಾತು.

ಆ ಪರ್ವತವನ್ನು ನೋಡಲೆಂದೇ ಜನ ಹೋಗುತ್ತಾರಷ್ಟೆ. ಬಂದ ಮೂವರಲ್ಲಿ ಒಬ್ಬರಿಗೆ ಮಾತ್ರ ಅದು ಕಾಣುತ್ತದೆ ಎಂಬ ಮಾತು ಅಲ್ಲಿ ಪ್ರಚಲಿತ. ಉಳಿದ ದಿನ ಮೋಡದ ಮರೆಯಲ್ಲಿರುತ್ತದೆ. ಬಸ್ಸಿನಲ್ಲಿ ಬಂದು ಫೋಟೋ ತೆಗೆದು ಸಂಜೆಗೆ ಮರಳುವವರಿಗೆ ಇದು ನಷ್ಟದ ಬಾಬ್ತು. ಕ್ಯಾಂಪ್ ಡೆನಾಲಿಯಲ್ಲಿ ಒಂದು ರಾತ್ರಿಗೆಂದು ಜಾಗ ಕೊಡುವ ಪದ್ಧತಿ ಬೆಳೆಯಲಿಲ್ಲ. ಕನಿಷ್ಠ ಮೂರು ರಾತ್ರಿ ಇರಬೇಕು, ನಿಗದಿಯಾದ ದಿನ ಬಂದು ನಿಗದಿಯಾದ ದಿನ ಹೊರಡಬೇಕು. ಟಿ.ವಿ. ಇಲ್ಲ. ಹಗಲು ನಿಸರ್ಗ ಬಲ್ಲ ಮಾರ್ಗದರ್ಶಕರ ಜೊತೆ ನಡಿಗೆ, ಸಂಜೆ ಊಟವಾದ ಮೇಲೆ ಹಕ್ಕಿ, ಹಿಮನದಿ, ಕಲ್ಲುಹೂವಿನ ಬಗ್ಗೆ ಮಾತು. ತರಕಾರಿಯಲ್ಲಿ ಒಂದಿಷ್ಟು ಅಲ್ಲಿನದೇ ಹಸಿರುಮನೆಯದು. ಪರ್ವತ ಕಾಣದ ದಿನವೂ ವ್ಯರ್ಥವಾಗದಂತೆ ಮಾಡಿದ ಏರ್ಪಾಡು ಇದು. ಇದರಿಂದ ಅತಿಥಿಗಳ ಓಡಾಟ ತಗ್ಗಿತು, ಉಳಿಯುವ ಅವಧಿ ಹಿಗ್ಗಿತು. ಹೆಚ್ಚು ಜನ, ಕಡಿಮೆ ದಿನ ಎಂಬ ಪ್ರವಾಸೋದ್ಯಮದ ಲೆಕ್ಕಾಚಾರವನ್ನೇ ಅವರು ತಿರುಗಿಸಿಟ್ಟರು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ರಸ್ತೆಯ ಪ್ರಕರಣ. 1957ರವರೆಗೆ ಆ ಉದ್ಯಾನಕ್ಕೆ ಹೊರಗಿನಿಂದ ರಸ್ತೆ ಸಂಪರ್ಕವೇ ಇರಲಿಲ್ಲ. ಜನ ರೈಲಿನಲ್ಲಿ ಬರಬೇಕಿತ್ತು, ಕಾರು ಬೇಕಿದ್ದರೆ ಅದನ್ನೂ ರೈಲಿಗೇ ಹಾಕಿ ತರಬೇಕಿತ್ತು. ಆ ವರ್ಷ ಡೆನಾಲಿ ಹೆದ್ದಾರಿ ತೆರೆಯಿತು. ಅದೇ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ‘ಮಿಷನ್ 66’ ಎಂಬ ಹತ್ತು ವರ್ಷದ ಯೋಜನೆ ಹಾಕಿಕೊಂಡಿತ್ತು. ದೇಶದ ಉದ್ಯಾನಗಳಲ್ಲೆಲ್ಲ ರಸ್ತೆ, ಕಟ್ಟಡ, ಸೌಕರ್ಯ ಹೆಚ್ಚಿಸುವುದು ಅದರ ಗುರಿ. ಡೆನಾಲಿಯ ಒಳರಸ್ತೆಯನ್ನು ಅಗಲ ಮಾಡಿ ಟಾರು ಹಾಕುವ ಕೆಲಸ ಶುರುವಾಯಿತು. ವಂಡರ್ ಸರೋವರದ ದಂಡೆಯಲ್ಲಿ ದೊಡ್ಡ ಹೋಟೆಲು ಕಟ್ಟುವ ಮಾತೂ ಮತ್ತೆ ಮತ್ತೆ ಎದ್ದಿತು.

ಕ್ಯಾಂಪ್ ಡೆನಾಲಿಯ ಅತಿಥಿಗಳು ಬರುತ್ತಿದ್ದದ್ದು ಅದೇ ರಸ್ತೆಯಲ್ಲಿ. ನುಣ್ಣನೆ ರಸ್ತೆಯಾದರೆ ಸಾಮಾನು ಸಾಗಿಸುವ ಖರ್ಚು ಇಳಿಯುತ್ತಿತ್ತು, ಟ್ರಕ್ಕುಗಳ ಆಯುಷ್ಯ ಹೆಚ್ಚುತ್ತಿತ್ತು, ಗಿರಾಕಿಗಳು ಸಾಲುಗಟ್ಟುತ್ತಿದ್ದರು. ಹಾಗಿದ್ದೂ ಬಿಡಾರದವರೇ ರಸ್ತೆ ಅಗಲವಾಗುವುದು ಬೇಡವೆಂದು ಬರೆದರು, ವಾದಿಸಿದರು. ಅದೇ ಉದ್ಯಾನದಲ್ಲಿ ವರ್ಷಗಟ್ಟಲೆ ತೋಳಗಳ ಬದುಕನ್ನು ಅಧ್ಯಯನ ಮಾಡಿ 1944ರಲ್ಲಿ ಹೆಸರಾಂತ ವರದಿ ಪ್ರಕಟಿಸಿದ್ದ ಜೀವಶಾಸ್ತ್ರಜ್ಞ ಅಡಾಲ್ಫ್ ಮ್ಯೂರಿ ಇಲಾಖೆಯ ಒಳಗಿನಿಂದಲೇ ಪ್ರತಿರೋಧಿಸಿದರು. ಹೊರಗಿನಿಂದ ದನಿ ಎತ್ತಿದವರಲ್ಲಿ ಜಿನ್ನಿ ವುಡ್ ಮುಂಚೂಣಿಯಲ್ಲಿದ್ದರು. ರಸ್ತೆ ವೇಗವಾದರೆ ಕರಡಿ, ಕ್ಯಾರಿಬೂ ಜಿಂಕೆ, ತೋಳಗಳು ರಸ್ತೆಯಂಚಿನಿಂದ ಮಾಯವಾಗುತ್ತವೆ, ನಿಧಾನಗತಿಯೇ ಆ ಉದ್ಯಾನವನ್ನು ಕಾಯುತ್ತಿದೆ ಎಂಬುದು ಅವರ ನಿಲುವು. ಕಡೆಗೆ ಟಾರು ಸ್ಯಾವೇಜ್ ನದಿಯ ಬಳಿ, 15ನೇ ಮೈಲಿಗೆ ನಿಂತಿತು. ಅಲ್ಲಿಂದಾಚೆ ಒಂದಿಷ್ಟು ದೂರ ರಸ್ತೆ ಅಗಲವಾಯಿತಾದರೂ ಮುಂದಿನದು ಹಳೆಯ ಇಕ್ಕಟ್ಟಿನ ದಾರಿಯಾಗಿಯೇ ಉಳಿಯಿತು. ಸರೋವರದ ದಂಡೆಯ ಹೋಟೆಲು ಕಟ್ಟಲೇ ಇಲ್ಲ.

1971ರಲ್ಲಿ ಆಂಕರೇಜ್-ಫೇರ್‌ಬ್ಯಾಂಕ್ಸ್ ನಡುವೆ ನೇರ ಹೆದ್ದಾರಿ ತೆರೆದಾಗ ಜನಸಂದಣಿ ಒಮ್ಮೆಲೇ ಏರುವ ಭಯ ಹುಟ್ಟಿತು. ಇಲಾಖೆ 1972ರಿಂದ 15ನೇ ಮೈಲಿಯಾಚೆ ಖಾಸಗಿ ಕಾರುಗಳನ್ನು ತಡೆದು ಬಸ್ಸು ಓಡಿಸತೊಡಗಿತು. ಮುಂದೆ ಒಂದು ಋತುವಿಗೆ ಆ ರಸ್ತೆಯಲ್ಲಿ 10,512 ವಾಹನ ಸಂಚಾರ ಎಂಬ ಮಿತಿಯೂ ಬಂತು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧ, ಅದನ್ನು ತೆಗೆಯಬೇಕೆಂದು ವರ್ಷವರ್ಷವೂ ಏಳುವ ಒತ್ತಡ ಇವನ್ನು ಬಲ್ಲ ನಮಗೆ, ಅಂಥ ಮಿತಿಯನ್ನು ಹೇರುವುದೂ ಉಳಿಸಿಕೊಳ್ಳುವುದೂ ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಂಚಿನ ವಸತಿಗೃಹದವರು ಮಿತಿಯ ಪರವಾಗಿ ನಿಲ್ಲುವುದು ಎಲ್ಲೆಡೆಯೂ ಅಪರೂಪ. ಸೌರಫಲಕ ಹಾಕಿಸುವುದು, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸುವುದು ಒಳ್ಳೆಯದೇ. ಅದಕ್ಕೆ ಹಣ ಸಾಕು. ತನ್ನ ವ್ಯಾಪಾರಕ್ಕೆ ಲಾಭ ತರುವ ರಸ್ತೆಯನ್ನು ಬೇಡವೆನ್ನಲು ಬೇರೆಯದೇ ಗಟ್ಟಿತನ ಬೇಕು.

ಆ ಗಟ್ಟಿತನ ಬಿಡಾರದ ಬೇಲಿಯೊಳಗೆ ಉಳಿಯಲಿಲ್ಲ. 1960ರಲ್ಲಿ ಸೀಲಿಯಾ, ಜಿನ್ನಿ ಮತ್ತು ಅವರ ಗೆಳೆಯರು ಫೇರ್‌ಬ್ಯಾಂಕ್ಸ್‌ನ ತಮ್ಮ ದಿಮ್ಮಿಮನೆಯಿಂದ ಅಲಾಸ್ಕಾ ಕನ್ಸರ್ವೇಶನ್ ಸೊಸೈಟಿಯನ್ನು ಹುಟ್ಟುಹಾಕಿದರು. ಹೊರಗಿನವರು ಬಂದು ಅಲಾಸ್ಕಾದ ಅಭಿವೃದ್ಧಿ ತಡೆಯುತ್ತಿದ್ದಾರೆ ಎಂಬ ಆರೋಪ ಆಗಲೇ ಇತ್ತು. ಅದಕ್ಕೆ ಉತ್ತರವಾಗಿ ಸಂಘದಲ್ಲಿ ಮತ ಹಾಕುವ ಹಕ್ಕನ್ನು ಅಲಾಸ್ಕಾದ ನಿವಾಸಿಗಳಿಗಷ್ಟೇ ಇಟ್ಟರು. ಉತ್ತರದ ಕರಾವಳಿಯಿಂದ ಪರ್ವತಶ್ರೇಣಿಯವರೆಗಿನ ವಿಶಾಲ ಭೂಮಿಯನ್ನು ವನ್ಯಜೀವಿಗಳಿಗೆ ಮೀಸಲಿಡಬೇಕೆಂಬ ಹೋರಾಟ ಆಗ ನಡೆಯುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್ಕ್‌ಟಿಕ್ ವನ್ಯಜೀವಿ ಪ್ರದೇಶ ಘೋಷಣೆಯಾಯಿತು.

ಇನ್ನೊಂದು ಹೋರಾಟದ ವಿಷಯ ಕೇಳಿದರೆ ಇಂದಿನವರಿಗೆ ನಂಬಿಕೆ ಬರುವುದು ಕಷ್ಟ. ಅಲಾಸ್ಕಾದ ವಾಯವ್ಯ ಕರಾವಳಿಯ ಕೇಪ್ ಥಾಂಪ್ಸನ್‌ನಲ್ಲಿ ಅಣುಬಾಂಬ್ ಸಿಡಿಸಿ ಬಂದರು ತೋಡುವ ಯೋಜನೆ 1958ರಲ್ಲಿ ರೂಪುಗೊಂಡಿತ್ತು. ಹೈಡ್ರೋಜನ್ ಬಾಂಬಿನ ಹಿಂದಿದ್ದ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಅದರ ಪ್ರಚಾರಕ. ಹತ್ತಿರದ ಪಾಯಿಂಟ್ ಹೋಪ್‌ನಲ್ಲಿ ಇನುಪಿಯಾಕ್ ಮೂಲನಿವಾಸಿಗಳ ಊರಿತ್ತು. ಅವರು ಅದನ್ನು ಒಪ್ಪಲಿಲ್ಲ. ವಿಕಿರಣ ಕಲ್ಲುಹೂವಿನಲ್ಲಿ ಸೇರಿ, ಅದನ್ನು ಮೇಯುವ ಕ್ಯಾರಿಬೂಗಳಿಗೆ, ಅವುಗಳಿಂದ ಮನುಷ್ಯರಿಗೆ ದಾಟುತ್ತದೆ ಎಂದು ಎಚ್ಚರಿಸಿದ ಜೀವಶಾಸ್ತ್ರಜ್ಞರು ತಮ್ಮ ವಿಶ್ವವಿದ್ಯಾಲಯದ ಕೆಲಸವನ್ನೇ ಕಳೆದುಕೊಂಡರು. 1961ರಲ್ಲಿ ಸಂಘ ತನ್ನ ಪತ್ರಿಕೆಯ ಒಂದು ಇಡೀ ಸಂಚಿಕೆಯನ್ನು ಈ ಮಾಹಿತಿಗೆ ಮೀಸಲಿಟ್ಟು ದೇಶಕ್ಕೆ ಹಂಚಿತು. ಮರುವರ್ಷ ಯೋಜನೆ ಮೂಲೆಗೆ ಬಿತ್ತು. ಯೂಕಾನ್ ನದಿಗೆ ಅಡ್ಡಲಾಗಿ, ಉತ್ತರ ಅಮೆರಿಕದ ಈರಿ ಸರೋವರಕ್ಕಿಂತ ದೊಡ್ಡ ಜಲಾಶಯ ಮಾಡಬೇಕಿದ್ದ ರ್‍ಯಾಂಪಾರ್ಟ್ ಅಣೆಕಟ್ಟನ್ನೂ ಅವರು ವಿರೋಧಿಸಿದರು. ಅದೂ 1967ರ ಹೊತ್ತಿಗೆ ನಿಂತುಹೋಯಿತು.

ಬೇಸಿಗೆಯಲ್ಲಿ ಹಾಸಿಗೆ ಹಾಸಿ, ಅಡುಗೆ ಬಡಿಸಿ, ಅತಿಥಿಗಳನ್ನು ಟಂಡ್ರಾದಲ್ಲಿ ನಡೆಸಿ, ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಪತ್ರ-ಮನವಿ-ಪತ್ರಿಕೆ ಎಂದು ಕೂರುತ್ತಿದ್ದ ಬದುಕು ಅವರದು. ಊಟದ ಮೇಜಿನ ಮೇಲೆ ಕೇಳಿದ ಮಾತು ಅತಿಥಿಗಳ ಜೊತೆ ಅವರವರ ಊರಿಗೂ ಹೋಗುತ್ತಿತ್ತು. ನೂರು ದಿನದ ವ್ಯಾಪಾರ ಅವರಿಗೆ ಕೊಟ್ಟಿದ್ದು ಸಂಪತ್ತಲ್ಲ, ಉಳಿದ ದಿನಗಳಲ್ಲಿ ಯಾರ ಹಂಗೂ ಇಲ್ಲದೆ ಮಾತಾಡುವ ಸ್ವಾತಂತ್ರ್ಯ. ಸೀಲಿಯಾ 1970ರ ದಶಕದ ಕೊನೆಯಲ್ಲಿ ವೈಲ್ಡರ್‌ನೆಸ್ ಸೊಸೈಟಿಯನ್ನು ಮುನ್ನಡೆಸಿದರು. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಪರಿಸರ ಸಂಘಟನೆಯೊಂದರ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. 2001ರ ಡಿಸೆಂಬರ್ 1ರಂದು ತೀರಿಕೊಳ್ಳುವವರೆಗೂ ಅವರು ಆರ್ಕ್‌ಟಿಕ್ ಪ್ರದೇಶದಲ್ಲಿ ತೈಲ ಕೊರೆಯುವುದರ ವಿರುದ್ಧ ದುಡಿಯುತ್ತಲೇ ಇದ್ದರು. ಜಿನ್ನಿ 2013ರವರೆಗೆ, 95 ವರ್ಷ ಬದುಕಿದರು.

1975ರಲ್ಲಿ ಬಿಡಾರವನ್ನು ಮಾರುವ ಕಾಲ ಬಂತು. ಅಲಾಸ್ಕಾದಲ್ಲಿ ಆಗ ತೈಲ ಕೊಳವೆಮಾರ್ಗದ ಹಣ ಹರಿಯುತ್ತಿತ್ತು. ಬಿಡಾರ ಹೋದದ್ದು ಮಾತ್ರ ಆ ಉದ್ಯಾನವನ್ನು ಚೆನ್ನಾಗಿ ಬಲ್ಲ ಕೋಲ್ ದಂಪತಿಯ ಕೈಗೆ. ಅವರು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿ ಮಗಳು-ಅಳಿಯನಿಗೆ ಒಪ್ಪಿಸಿದರು. ಮಗಳು ಬೆಳೆದದ್ದೇ ಆ ದಿಬ್ಬದ ಮೇಲೆ. ಮೊದಲಿನವರು ಹಾಕಿಕೊಟ್ಟ ರೀತಿಯನ್ನು ಈ ಕುಟುಂಬ ಕೈಬಿಡಲಿಲ್ಲ, ಹಾಗೆಂದು ಅದನ್ನು ಕಲ್ಲಾಗಿಸಲೂ ಇಲ್ಲ. 1980ರ ದಶಕದಲ್ಲಿ ಹತ್ತಿರದ ನಾರ್ತ್ ಫೇಸ್ ಲಾಡ್ಜನ್ನೂ ಕೊಂಡರು. ಅಲ್ಲಿ ಕೋಣೆಗೇ ಸೇರಿದ ಬಚ್ಚಲು, ಬಿಸಿನೀರು ಎಲ್ಲ ಇತ್ತು. ವಯಸ್ಸಾದವರಿಗೆ, ರಾತ್ರಿ ಹೊರಗಿನ ಪಾಯಿಖಾನೆಗೆ ನಡೆಯಲಾಗದವರಿಗೆ ಅದು ಒದಗಿತು. ಇದನ್ನು ತತ್ತ್ವದಲ್ಲಿ ರಾಜಿ ಎನ್ನುವವರೂ ಇರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ: ಹಳೆಯ ಮನೆಗಳನ್ನು ಕೆಡವಿ ಅಲ್ಲೇ ದೊಡ್ಡದು ಕಟ್ಟುವ ಬದಲು, ಆಗಲೇ ಇದ್ದ ಕಟ್ಟಡವನ್ನು ಬಳಸಿಕೊಂಡರು.

1980ರ ಡಿಸೆಂಬರ್ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಅಲಾಸ್ಕಾ ಭೂಮಿ ಕಾಯಿದೆಯಿಂದ ಉದ್ಯಾನ ಮೂರು ಪಟ್ಟಾಗಿ ಅರವತ್ತು ಲಕ್ಷ ಎಕರೆಗೆ ಹಿಗ್ಗಿತು, ಹೆಸರು ಡೆನಾಲಿ ಎಂದಾಯಿತು. ಗಡಿಯಾಚೆ ಇದ್ದ ಕಾಂಟಿಷ್ನಾ ಉದ್ಯಾನದ ಒಳಗೆ ಬಂತು. ಬಿಡಾರ ರಾಷ್ಟ್ರೀಯ ಉದ್ಯಾನದ ನಡುವಿನ ಖಾಸಗಿ ತುಂಡುಭೂಮಿಯಾಯಿತು. ಅಂಥ ಭೂಮಿಯ ಬೆಲೆ ಸುತ್ತಲಿನ ಕಾಡು ಸುರಕ್ಷಿತವಾದಷ್ಟೂ ಏರುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದ ಮನೆಗಳನ್ನು ಹೋಮ್‌ಸ್ಟೇ ಮಾಡಿಕೊಂಡ ಕುಟುಂಬಗಳಿಗೆ ಈ ಒತ್ತಡ ಚೆನ್ನಾಗಿ ಗೊತ್ತು. ಮೂರು ಕೋಣೆ ಆರಾಗುತ್ತದೆ, ಆರು ಹನ್ನೆರಡಾಗುತ್ತದೆ, ಗುಡ್ಡ ಕಡಿದು ಈಜುಕೊಳ ಬರುತ್ತದೆ. ಕೋಣೆಗಳ ಸಂಖ್ಯೆಯನ್ನು ಒಂದು ಕಡೆ ನಿಲ್ಲಿಸುವ ನಿರ್ಧಾರ ಕುಟುಂಬದೊಳಗೇ ಆಗಬೇಕು, ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಒಪ್ಪಬೇಕು. ಷೇರುದಾರರಿಗೆ ಉತ್ತರ ಹೇಳಬೇಕಾದ ಕಂಪನಿಗೆ ಇದು ಸುಲಭವಲ್ಲ.

ಈಗ ಆ ಕುಟುಂಬದ ಮುಂದಿರುವ ಕಷ್ಟ ಬೇರೆ. ರಸ್ತೆಯ ಸುಮಾರು ಅರ್ಧದಾರಿಯಲ್ಲಿ, ಪಾಲಿಕ್ರೋಮ್ ಎಂಬ ಬಣ್ಣಬಣ್ಣದ ಬೆಟ್ಟದ ಪಕ್ಕೆಯಲ್ಲಿ ‘ಪ್ರಿಟಿ ರಾಕ್ಸ್’ ಎಂಬ ತಾಣವಿದೆ. ಅಲ್ಲಿ ನೆಲದಡಿ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ ಮಣ್ಣು-ಮಂಜುಗಡ್ಡೆಯ ಪದರವಿದೆ. ಭೂಮಿ ಬಿಸಿಯಾದಂತೆ ಆ ಪದರ ಕರಗುತ್ತ, ಬೆಟ್ಟದ ಪಕ್ಕೆ ರಸ್ತೆಯ ಸಮೇತ ಕೆಳಗೆ ಜಾರತೊಡಗಿತು. 2014ಕ್ಕೆ ಮೊದಲು ಜಾರುತ್ತಿದ್ದದ್ದು ವರ್ಷಕ್ಕೆ ಕೆಲವು ಇಂಚು. 2017ರಲ್ಲಿ ತಿಂಗಳಿಗೆ ಕೆಲವು ಇಂಚಾಯಿತು, 2018ರಲ್ಲಿ ವಾರಕ್ಕೆ, 2019ರಲ್ಲಿ ದಿನಕ್ಕೆ. 2021ರಲ್ಲಿ ಗಂಟೆಗೆ 0.65 ಇಂಚಿನವರೆಗೂ ಹೋಯಿತು. ಲಾರಿಗಟ್ಟಲೆ ಜಲ್ಲಿ ಸುರಿದು ತುಂಬಿಸಿದ್ದು ಮರುದಿನಕ್ಕೆ ಕುಸಿದಿರುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ 43ನೇ ಮೈಲಿಯಾಚೆ ರಸ್ತೆ ಮುಚ್ಚಿದರು. 2018ರ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು ನೀರು ಕುಡಿದು. ಅಲಾಸ್ಕಾದಲ್ಲಿ ಕಾರಣ ಬೇರೆ. ಎರಡೂ ಕಡೆ ಊರು-ಮನೆಗಳನ್ನು ಹಿಡಿದಿಟ್ಟ ಸಂಪರ್ಕ ತುಂಡಾಯಿತು.

ರಸ್ತೆಯ ಮೂಲಕ ಎಷ್ಟೋ ದಶಕ ನಿಧಾನವಾಗಿ ಅತಿಥಿಗಳನ್ನು ಕರೆತಂದ ಬಿಡಾರ ಈಗ ಕಾಂಟಿಷ್ನಾದ ಪುಟ್ಟ ವಿಮಾನಪಟ್ಟಿಗೆ ಸಣ್ಣ ವಿಮಾನಗಳಲ್ಲಿ ಅವರನ್ನು ಕರೆಸಿಕೊಳ್ಳುತ್ತಿದೆ. ಸೌದೆ ಒಲೆಯ, ಸೌರಫಲಕದ ಮನೆಗೆ ವಿಮಾನದ ಇಂಧನ ಸುಟ್ಟು ಹೋಗಬೇಕಾದ ಸ್ಥಿತಿ ನೋವಿನದು. ಇದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಈ ಕುಟುಂಬ ಎಷ್ಟೇ ಮಿತವಾಗಿ ಬದುಕಿದರೂ ಆ ಮಂಜುಗಡ್ಡೆಯ ಪದರವನ್ನು ಕರಗಿಸುತ್ತಿರುವ ಶಾಖ ಜಗತ್ತಿನ ಎಲ್ಲ ಊರುಗಳದ್ದು, ನಮ್ಮ ಬೆಂಗಳೂರಿನದೂ ಸೇರಿ.

ಜಾರುವ ಜಾಗವನ್ನು ಪೂರ್ತಿಯಾಗಿ ದಾಟಿಸಲು ಉದ್ಯಾನ ಇಲಾಖೆ 475 ಅಡಿ ಉದ್ದದ ಉಕ್ಕಿನ ಸೇತುವೆಯ ಕೆಲಸ ಕೈಗೆತ್ತಿಕೊಂಡಿತು. ಸೇತುವೆಯ ಒಂದು ತುದಿ ನಿಲ್ಲಬೇಕಾದ ನೆಲದಲ್ಲೂ ಮಂಜುಗಡ್ಡೆಯಿದೆ. ಅದು ಕರಗದಂತೆ, ನೆಲದ ಶಾಖವನ್ನು ಎಳೆದು ಹೊರಗಿನ ಚಳಿಗಾಳಿಗೆ ಬಿಡುವ ಥರ್ಮೋಸೈಫನ್ ಕೊಳವೆಗಳನ್ನು ಅಲ್ಲಿ ಹೂಳುವುದೂ ಯೋಜನೆಯ ಭಾಗ. ಬೇಸಿಗೆಯ ಕೆಲವೇ ತಿಂಗಳು ಕೆಲಸ ಮಾಡಲು ಸಿಗುವ ಆ ಕಣಿವೆಯಲ್ಲಿ ಅದು ವರ್ಷಗಳ ಕೆಲಸ.